ಸ್ಟ್ರೈಪರ್ ಆಲ್ಬಮ್ ವಿಮರ್ಶೆ: ನಿಮ್ಮ ಬರಹದಲ್ಲಿ ಹಾಡು ಕೇಳಿಸುತ್ತಿಲ್ಲ

ನಮಸ್ಕಾರ.

ಸ್ಟ್ರೈಪರ್ ಬ್ಯಾಂಡಿನ ‘ವೆನ್ ವಿ ವರ್ ಕಿಂಗ್ಸ್’ ಆಲ್ಬಮ್ ಬಗ್ಗೆ ನೀವು ಕಳಿಸಿದ ವಿಮರ್ಶೆಯನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಬದಿಗಿಡುವ ಬರಹವೂ ಅಲ್ಲ. ಕ್ರಿಶ್ಚಿಯನ್ ಹಾರ್ಡ್ ರಾಕ್ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಅಪರೂಪ, ಮತ್ತು ನಿಮಗೆ ಈ ಸಂಗೀತದ ಮೇಲಿರುವ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ನಮ್ಮ ಮುಖ್ಯ ತಕರಾರು ಇದು: ಓದಿ ಮುಗಿಸಿದವರಿಗೆ ಈ ಆಲ್ಬಮ್ ಕಿವಿಗೆ ಹೇಗೆ ಬೀಳುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಬ್ಯಾಂಡಿನ ನಂಬಿಕೆಗೆ ಆರು ಪ್ಯಾರಾ ಕೊಟ್ಟಿದ್ದೀರಿ, ಸಂಗೀತಕ್ಕೆ ಎರಡು. ಆ ಎರಡರಲ್ಲೂ ‘ಅದ್ಭುತ’, ‘ಮೈನವಿರೇಳಿಸುವ’, ‘ಅಬ್ಬರದ’ ಎಂಬ ಮಾತುಗಳೇ ತುಂಬಿವೆ. ಇವನ್ನು ಯಾವ ರಾಕ್ ಆಲ್ಬಮ್ಮಿಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ. ಸ್ಟ್ರೈಪರ್‌ನಂಥ ಬ್ಯಾಂಡಿನಲ್ಲಿ ನಂಬಿಕೆ ಸಾಹಿತ್ಯದಲ್ಲಿ ಮಾತ್ರ ಇಲ್ಲ, ಸ್ವರಗಳನ್ನು ಜೋಡಿಸಿದ ರೀತಿಯಲ್ಲೂ ಇದೆ. ಅದನ್ನು ಹಿಡಿಯದೆ ನಂಬಿಕೆಯ ಬಗ್ಗೆ ಎಷ್ಟು ಬರೆದರೂ ಅದು ಬ್ಯಾಂಡಿನ ಪರಿಚಯಪತ್ರವಾಗುತ್ತದೆ, ವಿಮರ್ಶೆಯಾಗುವುದಿಲ್ಲ.

ಮೊದಲು ತಪ್ಪುಗಳನ್ನು ತಿದ್ದಿಕೊಳ್ಳಿ. ಸ್ಟ್ರೈಪರ್ ‘ಜಗತ್ತಿನ ಮೊದಲ ಕ್ರಿಶ್ಚಿಯನ್ ರಾಕ್ ಬ್ಯಾಂಡ್’ ಅಲ್ಲ. ಲ್ಯಾರಿ ನಾರ್ಮನ್ 1969ರಲ್ಲೇ ಈ ಬಗೆಯ ಆಲ್ಬಮ್ ತಂದಿದ್ದರು. ಪೆಟ್ರಾ ಮತ್ತು ರೆಸರೆಕ್ಷನ್ ಬ್ಯಾಂಡ್ 1972ರಲ್ಲಿ ಶುರುವಾದವು. ಸ್ಟ್ರೈಪರ್ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ‘ರಾಕ್ಸ್ ರೆಜೀಮ್’ ಹೆಸರಿನಲ್ಲಿದ್ದು, 1983ರಲ್ಲಿ ಈಗಿನ ಹೆಸರಿಗೆ ಬಂದ ತಂಡ. ಅವರ ನಿಜವಾದ ಮೊದಲು ಬೇರೆಯದು: 1986ರ ‘ಟು ಹೆಲ್ ವಿತ್ ದ ಡೆವಿಲ್’ ಅಮೆರಿಕದಲ್ಲಿ ಪ್ಲಾಟಿನಮ್ ಆಯಿತು, ಅಂದರೆ 10 ಲಕ್ಷ ಪ್ರತಿಗಳ ಲೆಕ್ಕ ಮುಟ್ಟಿತು. ಕ್ರಿಶ್ಚಿಯನ್ ಮೆಟಲ್‌ನಲ್ಲಿ ಅದಕ್ಕೂ ಮುಂಚೆ ಯಾರೂ ಅಲ್ಲಿಗೆ ತಲುಪಿರಲಿಲ್ಲ. ‘ಮೊದಲ’ ಎಂದು ಬರೆಯುವಾಗ ಯಾವುದರಲ್ಲಿ ಮೊದಲು ಎಂಬುದನ್ನೂ ಬರೆಯಿರಿ.

ಇನ್ನೊಂದು ತಪ್ಪು ಓದುಗರಿಗೆ ತಕ್ಷಣ ಕಾಣುವಂಥದ್ದು. ಹೊಸ ಆಲ್ಬಮ್‌ನ ಬಾಸ್ ಗಿಟಾರ್ ಹಿಂದಿನ ಸದಸ್ಯ ಟಿಮ್ ಗೇನ್ಸ್ ನುಡಿಸಿದ್ದು ಎಂದಿದ್ದೀರಿ. 2017ರಿಂದ ಆ ಜಾಗದಲ್ಲಿರುವವರು ಪೆರಿ ರಿಚರ್ಡ್‌ಸನ್, ಮೊದಲು ಫೈರ್‌ಹೌಸ್ ಬ್ಯಾಂಡಿನಲ್ಲಿದ್ದವರು. ಸದಸ್ಯರ ಪಟ್ಟಿಯನ್ನು ಹಳೆಯ ಲೇಖನದಿಂದ ಎತ್ತಿಕೊಂಡರೆ ಹೀಗಾಗುತ್ತದೆ. ಆಲ್ಬಮ್ಮಿನ ಕ್ರೆಡಿಟ್ಸ್ ಒಂದೊಂದಾಗಿ ಓದಿ. ಗೇನ್ಸ್ ತಂಡದವರೇ ಎಂದು ಎಲ್ಲರೂ ತಿಳಿದ 1986ರ ಆಲ್ಬಮ್‌ನಲ್ಲೂ ಸ್ಟುಡಿಯೋದಲ್ಲಿ ಬಾಸ್ ನುಡಿಸಿದವರು ಬ್ರ್ಯಾಡ್ ಕಾಬ್. ಬ್ಯಾಂಡಿನ ಫೋಟೋದಲ್ಲಿರುವವರೇ ರೆಕಾರ್ಡಿಂಗಿನಲ್ಲೂ ಇದ್ದರು ಎಂದು ಭಾವಿಸಬಾರದು.

ಈಗ ಕೇಳುವ ವಿಚಾರಕ್ಕೆ ಬರೋಣ. ‘ಬಾಸ್ ಕೇಳಿಸುವುದೇ ಇಲ್ಲ, ಮಿಕ್ಸಿಂಗ್ ಕಳಪೆ’ ಎಂದು ತೀರ್ಪು ಕೊಟ್ಟಿದ್ದೀರಿ. ಫೋನಿನ ಸ್ಪೀಕರಿನಲ್ಲಿ ಕೇಳಿದಿರಾ? ಬಾಸ್ ಗಿಟಾರಿನ ದಪ್ಪ ತಂತಿ ಸಾಮಾನ್ಯ ಶ್ರುತಿಯಲ್ಲಿ ಸುಮಾರು 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಫೋನಿನ ಸ್ಪೀಕರಿಗೆ 200 ಹರ್ಟ್ಸ್‌ಗಿಂತ ಕೆಳಗೆ ಹೇಳಿಕೊಳ್ಳುವಂಥ ಶಕ್ತಿಯೇ ಇರುವುದಿಲ್ಲ. ತಂತಿಯ ಇಯರ್‌ಫೋನ್ ಅಥವಾ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮತ್ತೊಮ್ಮೆ ಕೇಳಿ. ಆಮೇಲೂ ಬಾಸ್ ಹಿಂದೆ ಸರಿದಂತಿದ್ದರೆ ಅದಕ್ಕೂ ಕಾರಣಗಳಿವೆ: ಹಾರ್ಡ್ ರಾಕ್‌ನಲ್ಲಿ ಬಾಸ್ ಹೆಚ್ಚಾಗಿ ಗಿಟಾರಿನ ರಿಫ್ (ಮರಳಿ ಮರಳಿ ಬರುವ ಪುಟ್ಟ ಸ್ವರಗುಚ್ಛ) ಅನ್ನೇ ಒಂದು ಸ್ಥಾಯಿ ಕೆಳಗೆ ಹಿಂಬಾಲಿಸುತ್ತದೆ, ಮೇಲಿನಿಂದ ಗಿಟಾರಿನ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒರಟಾಗಿಸಿದ ನಾದ, ಅದನ್ನು ಮುಚ್ಚುತ್ತದೆ, ಕೆಳಗಿನ ಜಾಗಕ್ಕೆ ಕಿಕ್ ಡ್ರಮ್ ಬಂದು ಕೂರುತ್ತದೆ. ಚರಣದಲ್ಲಿ ಗಿಟಾರ್ ತೆಳುವಾಗುವ ಕಡೆ ಹುಡುಕಿದರೆ ಬಾಸ್ ಸಿಗುತ್ತದೆ. ಅಲ್ಲೂ ಸಿಗದಿದ್ದರೆ ನಿಮ್ಮ ದೂರು ಸರಿ. ಆಗ ಅದನ್ನು ಹಾಡಿನ ಹೆಸರು, ನಿಮಿಷ, ಸೆಕೆಂಡಿನ ಸಮೇತ ಬರೆಯಿರಿ.

1986ರ ಆಲ್ಬಮ್ಮಿಗಿಂತ ಹೊಸದು ‘ಹೆಚ್ಚು ಶಕ್ತಿಶಾಲಿ’ ಎಂದಿದ್ದೀರಿ. ಎರಡನ್ನೂ ಒಂದೇ ಸದ್ದಿನ ಮಟ್ಟದಲ್ಲಿ ಕೇಳಿದ್ದೀರೆಂದು ಖಚಿತಪಡಿಸಿಕೊಳ್ಳಿ. ಇತ್ತೀಚಿನ ರೆಕಾರ್ಡಿಂಗುಗಳನ್ನು ಮಾಸ್ಟರಿಂಗ್‌ನಲ್ಲಿ ಒತ್ತಿ ಜೋರು ಮಾಡಿರುತ್ತಾರೆ, ಮತ್ತು ಸ್ವಲ್ಪ ಜೋರಾಗಿದ್ದುದೇ ಕಿವಿಗೆ ಚೆನ್ನಾಗಿದೆ ಅನಿಸುತ್ತದೆ. ಸ್ಪಾಟಿಫೈ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ನಾರ್ಮಲೈಸೇಷನ್ ಆನ್ ಮಾಡಿದರೆ ಎರಡೂ ಹತ್ತಿರಹತ್ತಿರ ಒಂದೇ ಮಟ್ಟಕ್ಕೆ ಬರುತ್ತವೆ. ಆಗಲೂ ಹೊಸದೇ ಮೇಲು ಅನಿಸಿದರೆ ಆ ಮಾತಿಗೆ ತೂಕವಿದೆ.

‘ಗಿಟಾರಿನ ಅಬ್ಬರ’ ಎಂಬ ಮಾತನ್ನು ತೆಗೆದು, ಅಬ್ಬರ ಎಲ್ಲಿಂದ ಹುಟ್ಟುತ್ತದೆ ಎಂದು ಎರಡು ವಾಕ್ಯ ಬರೆಯಿರಿ. ಕರ್ನಾಟಕ ಸಂಗೀತ ಬಲ್ಲ ನಮ್ಮ ಓದುಗರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ಹಾರ್ಡ್ ರಾಕ್‌ನ ರಿಫ್ ಬಹುಪಾಲು ಪವರ್ ಕಾರ್ಡ್ ಮೇಲೆ ನಿಂತಿರುತ್ತದೆ. ಪವರ್ ಕಾರ್ಡ್ ಎಂದರೆ ಷಡ್ಜ, ಪಂಚಮ ಎರಡೇ, ಗಾಂಧಾರ ಇಲ್ಲ. ಡಿಸ್ಟಾರ್ಷನ್ ಹಾಕಿದಾಗ ಆಂಪ್ಲಿಫೈಯರ್ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ಆಗ ಒಟ್ಟಿಗೆ ನುಡಿದ ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಕಂಪನಾಂಕಗಳಲ್ಲಿ ಬೇರೆ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಸ–ಪ ಅನುಪಾತ 2:3. ವ್ಯತ್ಯಾಸ 1, ಅಂದರೆ ಅದೇ ಷಡ್ಜದ ಕೆಳಗಿನ ಸ್ಥಾಯಿ. ಹಾಗಾಗಿ ಕಾರ್ಡ್ ಇನ್ನಷ್ಟು ದಪ್ಪವಾಗಿ ಕೇಳಿಸುತ್ತದೆ. ಅದೇ ಆಂಪ್ಲಿಫೈಯರಿಗೆ ಗಾಂಧಾರವನ್ನೂ ಸೇರಿಸಿ ಕಳಿಸಿದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದದೆ ನಾದ ರಾಡಿಯಾಗುತ್ತದೆ. ಗಿಟಾರಿನ ಮೆಟ್ಟಿಲುಗಳಲ್ಲಿ ಸಿಗುವ ಅಂತರ ಗಾಂಧಾರ ಶುದ್ಧವಾದ 5:4 ಅನುಪಾತಕ್ಕಿಂತ ಸುಮಾರು 14 ಸೆಂಟ್ (ಅಕ್ಕಪಕ್ಕದ ಎರಡು ಮೆಟ್ಟಿಲುಗಳ ಅಂತರದ ನೂರನೇ ಒಂದು ಭಾಗವೇ ಒಂದು ಸೆಂಟ್) ಮೇಲಿರುವುದು ಆ ರಾಡಿಯನ್ನು ಹೆಚ್ಚಿಸುತ್ತದೆ.

ಸ್ಟ್ರೈಪರ್‌ನ ಗುರುತು ಇರುವುದು ಆ ಬಿಟ್ಟುಹೋದ ಗಾಂಧಾರವನ್ನು ಅವರು ಮರಳಿ ತರುವ ಬಗೆಯಲ್ಲಿ. ಗಾಯಕರೂ ಆದ ಮೈಕಲ್ ಸ್ವೀಟ್ ಮತ್ತು ಆಜ್ ಫಾಕ್ಸ್ ಜೋಡಿ ಗಿಟಾರಿನಲ್ಲಿ ಒಂದೇ ಎಳೆಯನ್ನು ಮೂರನೇ ಸ್ವರದ ಅಂತರದಲ್ಲಿ ನುಡಿಸುತ್ತಾರೆ: ಒಬ್ಬರು ಸ ಹಿಡಿದರೆ ಇನ್ನೊಬ್ಬರು ಗ. ಒಂದೊಂದು ಗಿಟಾರಿನಲ್ಲಿ ಒಂದೇ ಸ್ವರ, ಎರಡಕ್ಕೂ ಬೇರೆ ಬೇರೆ ಸಿಗ್ನಲ್. ಆದ್ದರಿಂದ ಡಿಸ್ಟಾರ್ಷನ್ ಇದ್ದರೂ ಸ್ವರಗಳು ಕಲಸಿಹೋಗುವುದಿಲ್ಲ. ಪಲ್ಲವಿಯಲ್ಲಿ ಇದೇ ಕೆಲಸವನ್ನು ಕಂಠಗಳು ಮಾಡುತ್ತವೆ. ಪದರದ ಮೇಲೆ ಪದರ ಕೂರಿಸಿದ ಎತ್ತರದ ದನಿಗಳು, ಚರ್ಚಿನ ಕಾಯಿರ್ ಕೇಳಿದವರಿಗೆ ತಕ್ಷಣ ಗುರುತು ಸಿಗುವ ಹಾರ್ಮನಿ. ಕೆಳಗೆ ಗಾಂಧಾರವಿಲ್ಲದ ಕಠಿಣ ರಿಫ್, ಮೇಲೆ ಗಾಂಧಾರ ತುಂಬಿದ ಸಮೂಹಗಾನ. ನೀವು ಆರು ಪ್ಯಾರಾಗಳಲ್ಲಿ ಹೇಳಹೊರಟ ‘ಮೆಟಲ್ ಮತ್ತು ಭಕ್ತಿಯ ಸಂಗಮ’ ಇಲ್ಲಿದೆ. ಇದನ್ನು ಹೊಸ ಆಲ್ಬಮ್‌ನ ಯಾವ ಹಾಡಿನಲ್ಲಿ ಚೆನ್ನಾಗಿ ಮಾಡಿದ್ದಾರೆ, ಎಲ್ಲಿ ಬರೀ ಅಭ್ಯಾಸಬಲದಿಂದ ಮಾಡಿದ್ದಾರೆ ಎಂದು ತೋರಿಸಿದರೆ ನಿಮ್ಮ ವಿಮರ್ಶೆ ನಿಲ್ಲುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಮೊದಲ ಸಲ ಪೆನ್ನು ಹಿಡಿಯದೆ ಹನ್ನೊಂದೂ ಹಾಡುಗಳನ್ನು ವರಸೆಯಲ್ಲೇ ಕೇಳಿ. ಎರಡನೇ ಸಲ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿ. ಮೂರನೇ ಸಲ ಎಡಗಿವಿಯದು ಮಾತ್ರ, ನಾಲ್ಕನೇ ಸಲ ಬಲಗಿವಿಯದು ಮಾತ್ರ. ರಿದಮ್ ಗಿಟಾರನ್ನು ಸಾಮಾನ್ಯವಾಗಿ ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಇಡುತ್ತಾರೆ. ಒಂದು ಕಿವಿ ತೆಗೆದರೆ ಯಾರ ಕೈ ಏನು ಮಾಡುತ್ತಿದೆ ಎಂಬುದು ಬಿಡಿಯಾಗಿ ಸಿಗುತ್ತದೆ. ವೇಗ ತಿಳಿಯಲು 15 ಸೆಕೆಂಡು ತಾಳ ಹಾಕಿ ನಾಲ್ಕರಿಂದ ಗುಣಿಸಿ. ಈ ಲೆಕ್ಕದಲ್ಲಿ ಆಗುವ ಸಾಮಾನ್ಯ ತಪ್ಪು ಕಿಕ್ ಡ್ರಮ್ಮನ್ನು ಎಣಿಸುವುದು. ಡಬಲ್ ಪೆಡಲ್ ತುಳಿಯುವಾಗ ಏಟುಗಳು ದುಪ್ಪಟ್ಟು, ನಾಲ್ಪಟ್ಟು ಬರುತ್ತವೆ, ಹಾಡಿನ ವೇಗ ಮಾತ್ರ ಅಷ್ಟೇ ಇರುತ್ತದೆ. ಸ್ನೇರ್ ಡ್ರಮ್ ಹಿಡಿದು ಎಣಿಸಿ, ಆದರೆ ಅದು ಸಾಮಾನ್ಯವಾಗಿ ನಾಲ್ಕು ಏಟಿನ ತಾಳದಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಮಾತ್ರ ಬೀಳುವುದರಿಂದ ಬಂದ ಲೆಕ್ಕವನ್ನು ದುಪ್ಪಟ್ಟು ಮಾಡಿ.

ಮೈಕಲ್ ಸ್ವೀಟ್ ‘ಇಪ್ಪತ್ತರ ಯುವಕನಂತೆ’ ಹಾಡಿದ್ದಾರೆ ಎಂಬ ವಾಕ್ಯ ತೆಗೆಯಿರಿ. ಅವರು 1963ರಲ್ಲಿ ಹುಟ್ಟಿದವರು, ಆಲ್ಬಮ್ ಬಂದ 2024ರ ಸೆಪ್ಟೆಂಬರಿನಲ್ಲಿ 61 ವರ್ಷ. ಆ ವಯಸ್ಸಿನ ಕಂಠ ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ ಎಂಬುದು ಹೊಗಳಿಕೆಗಿಂತ ಹೆಚ್ಚು ಕುತೂಹಲದ ವಿಷಯ. ಫೋನಿನ ಕೀಬೋರ್ಡ್ ಆ್ಯಪಿನಲ್ಲಿ 1986ರ ಹಾಡೊಂದರ ಅತಿ ಎತ್ತರದ ಸ್ವರ, ಹೊಸ ಹಾಡೊಂದರ ಅತಿ ಎತ್ತರದ ಸ್ವರ ಎರಡನ್ನೂ ಹುಡುಕಿ ಹೋಲಿಸಿ. ಆ ಸ್ವರ ಎದೆಯ ದನಿಯೋ, ತೆಳುವಾದ ಕಳ್ಳದನಿಯೋ (ಫಾಲ್ಸೆಟೊ) ಎಂದೂ ಗಮನಿಸಿ.

ಸಾಹಿತ್ಯದ ಭಾಗದಲ್ಲಿ ಎರಡು ತೊಂದರೆಗಳಿವೆ. ಎರಡು ಹಾಡುಗಳನ್ನು ಪೂರ್ತಿಯಾಗಿ ಕನ್ನಡಕ್ಕೆ ಅನುವಾದಿಸಿ ಹಾಕಿದ್ದೀರಿ. ಅನುವಾದಕ್ಕೂ ಹಕ್ಕುದಾರರ ಅನುಮತಿ ಬೇಕು, ಆದ್ದರಿಂದ ಪ್ರಕಟಿಸಲಾರೆವು. ಒಂದೋ ಎರಡೋ ಸಾಲು ಸಾಕು, ಅದೂ ವಿಶ್ಲೇಷಣೆಗೆ ಬೇಕಿದ್ದರೆ ಮಾತ್ರ. ಎರಡನೆಯದು, ಪದಗಳ ಹಿಂದಿನ ದೇವಶಾಸ್ತ್ರವನ್ನು ನೀವು ಬಿಡಿಸಿಲ್ಲ. ‘ಎಂಡ್ ಆಫ್ ಡೇಸ್’, ‘ಟ್ರಿನಿಟಿ’, ‘ರ‍್ಯಾಪ್ಚರ್ಡ್’ ಎಂಬ ಹೆಸರುಗಳನ್ನು ಸುಮ್ಮನೆ ದಾಟಿಹೋಗಿದ್ದೀರಿ. ರ‍್ಯಾಪ್ಚರ್ ಎಂದರೆ ವಿಶ್ವಾಸಿಗಳು ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುವುದು. ಇದರ ಆಧಾರ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರಿಕೆಯ 4:17. ಲೋಕಾಂತ್ಯಕ್ಕೆ ಮುಂಚೆ ಬರುವುದೆನ್ನುವ ಮಹಾಸಂಕಟದ ಕಾಲಕ್ಕೂ ಮೊದಲೇ ಹೀಗಾಗುತ್ತದೆ ಎಂಬ ಬೋಧನೆಯನ್ನು 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಹರಡಿದರು, ಅಮೆರಿಕದ ಇವ್ಯಾಂಜೆಲಿಕಲ್ ವಲಯದಲ್ಲಿ ಅದು ಗಟ್ಟಿಯಾಗಿ ನೆಲೆಯೂರಿತು. ಕಥೋಲಿಕ ಚರ್ಚ್ ಇದನ್ನು ಈ ರೂಪದಲ್ಲಿ ಬೋಧಿಸುವುದಿಲ್ಲ. ಹಾಗಾಗಿ ಮಂಗಳೂರಿನ ಕಥೋಲಿಕ ಓದುಗರಿಗೂ ಇದು ಹೊಸ ವಿಷಯವಾಗಿರಬಹುದು. ಬ್ಯಾಂಡಿನ ಹೆಸರಿನ ಮೂಲವಾದ ಯೆಶಾಯ 53:5ರ ‘ಬಾಸುಂಡೆಗಳಿಂದ ನಮಗೆ ಗುಣವಾಯಿತು’ ಎಂಬ ಮಾತನ್ನು (ಇಂಗ್ಲಿಷಿನಲ್ಲಿ ಬಾಸುಂಡೆಗೂ ಪಟ್ಟೆಗೂ ‘ಸ್ಟ್ರೈಪ್’ ಎಂಬ ಒಂದೇ ಪದ) ಬ್ಯಾಂಡಿನ ಉಡುಪಿನ ಹಳದಿ–ಕಪ್ಪು ಪಟ್ಟೆಗಳ ಪ್ರಸ್ತಾಪ ಬರುವಲ್ಲೇ ಸೇರಿಸಿ. ಈಗ ಅದು ಲೇಖನದ ಕೊನೆಯಲ್ಲಿ ಒಂಟಿಯಾಗಿ ಬಿದ್ದಿದೆ.

ಬ್ಯಾಂಡ್ ನಲವತ್ತು ವರ್ಷ ಒಂದೇ ಮಾತು ಹೇಳಿಕೊಂಡು ಬಂದಿದೆ ಎಂಬ ನಿಮ್ಮ ವಾದವನ್ನೂ ಪರೀಕ್ಷಿಸಿ. ಕಛೇರಿಗಳಲ್ಲಿ ಹೊಸ ಒಡಂಬಡಿಕೆಯ ಪ್ರತಿಗಳನ್ನು ಜನರತ್ತ ಎಸೆಯುತ್ತಿದ್ದ ತಂಡವೇ 1990ರ ‘ಅಗೇನ್ಸ್ಟ್ ದ ಲಾ’ ಹೊತ್ತಿಗೆ ಹಳದಿ–ಕಪ್ಪನ್ನು ಕಳಚಿಟ್ಟು, ಹಾಡುಗಳಲ್ಲಿ ನೇರ ಸುವಾರ್ತೆಯನ್ನು ಬಹಳ ಕಡಿಮೆ ಮಾಡಿತ್ತು. 1992ರಲ್ಲಿ ಮೈಕಲ್ ಸ್ವೀಟ್ ಹೊರನಡೆದರು. ಅವರು ಮರಳಿದ ಮೇಲಿನ ‘ರೀಬಾರ್ನ್’ ಆಲ್ಬಮ್ ಬಂದದ್ದು 2005ರಲ್ಲಿ. ಈ ಏರಿಳಿತ ಬಿಟ್ಟರೆ ಹೊಸ ಆಲ್ಬಮ್ ಎಷ್ಟು ನೇರವಾಗಿ ಮಾತಾಡುತ್ತಿದೆ ಎಂದು ಅಳೆಯಲು ಓದುಗರಿಗೆ ಅಳತೆಗೋಲೇ ಇರುವುದಿಲ್ಲ.

ಒಂದು ಸೂಚನೆ, ಬೇಕಿದ್ದರೆ ಬಳಸಿ. ರಾಕ್ ಮೂಲಕ ದೇವರ ಮಾತು ಹೇಳುವುದು ಸರಿಯೇ ಎಂಬ ಜಗಳ ಅಮೆರಿಕದಲ್ಲಿ ಜೋರಾಗಿ ನಡೆಯಿತು. ಜಿಮ್ಮಿ ಸ್ವ್ಯಾಗರ್ಟ್‌ರಂಥ ಟೀವಿ ಬೋಧಕರು ಕ್ರಿಶ್ಚಿಯನ್ ರಾಕ್ ಅನ್ನೇ ಖಂಡಿಸಿದರು. ನಮ್ಮಲ್ಲಿ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಗೆ ಕನ್ನಡದ್ದೇ ಪದ್ಯರೂಪ ಕೊಟ್ಟಿದ್ದರು. ಎರಡೂ ಕಡೆ ಇರುವ ಪ್ರಶ್ನೆ ಜನರ ನಾಲಿಗೆಯ ಮೇಲಿರುವ ಹಾಡಿನ ರೂಪಕ್ಕೆ ಈ ಸಂದೇಶ ಒಗ್ಗುತ್ತದೆಯೇ ಎಂಬುದು. ಒಂದು ಪ್ಯಾರಾ ಸಾಕು, ಹಿಗ್ಗಿಸಬೇಡಿ.

ಹೊಸ ಪ್ರತಿ 900 ಪದ ಮೀರದಿರಲಿ. ಇತಿಹಾಸಕ್ಕೆ 150, ಹೆಚ್ಚೆಂದರೆ. ಹನ್ನೊಂದು ಹಾಡುಗಳಿಗೂ ಒಂದೊಂದು ಸಾಲು ಹಂಚಬೇಡಿ. ಮೂರನ್ನು ಆರಿಸಿ, ಅದರಲ್ಲಿ ನಿಮಗೆ ಹಿಡಿಸದ ಒಂದಾದರೂ ಇರಲಿ. ಪ್ರತಿ ಹಾಡಿಗೂ ಕನಿಷ್ಠ ಒಂದು ಕಡೆ ನಿಮಿಷ–ಸೆಕೆಂಡ್ ನಮೂದಿಸಿ, ಅಲ್ಲಿ ಏನಾಗುತ್ತದೆ ಎಂದು ಬರೆಯಿರಿ. ಹಾಡಿನ ಹೆಸರುಗಳು ಕನ್ನಡ ಲಿಪಿಯಲ್ಲಿ, ಒಂಟಿ ಉದ್ಧರಣ ಚಿಹ್ನೆಯೊಳಗೆ. ನೀವು ಯಾವ ಸಾಧನದಲ್ಲಿ ಕೇಳಿದಿರಿ ಎಂಬುದನ್ನು ಲೇಖನದ ಜೊತೆಗಿನ ಪತ್ರದಲ್ಲಿ ತಿಳಿಸಿ. ನಿಮಿಷ–ಸೆಕೆಂಡುಗಳನ್ನು ನಾವೂ ಅದೇ ಬಗೆಯ ಹೆಡ್‌ಫೋನಿನಲ್ಲಿ ಹಾಕಿ ನೋಡಿದ ಮೇಲೆಯೇ ಪುಟಕ್ಕೆ ಕಳಿಸುತ್ತೇವೆ.

— ಸಂಪಾದಕೀಯ ಬಳಗ