ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸ್ವಿಸ್ ವಾಚಿನ ಸರ್ವಿಸ್ ಮತ್ತು ಬಿಡಿಭಾಗ

ಕೊಲ್ಲಿ ದೇಶಗಳಲ್ಲಿ ದುಡಿದವರು ತಂದ ಬೆಲೆಬಾಳುವ ವಾಚುಗಳು ಈಗ ಗಡಿನಾಡಿನ ಅನೇಕ ಮನೆಗಳಲ್ಲಿ ಮಕ್ಕಳ ಕೈ ಸೇರಿವೆ. ಈ ಸಲದ ಪತ್ರಗಳಲ್ಲಿ ಅವುಗಳನ್ನು ಕುರಿತ ನಾಲ್ಕನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ (ಬದಿಯಡ್ಕದ ಓದುಗರು): ನಮ್ಮ ತಂದೆಯವರು 1970ರ ಹೊತ್ತಿಗೆ ದುಬೈಯಿಂದ ತಂದ ಒಮೆಗಾ ಸೀಮಾಸ್ಟರ್ ಆಟೊಮ್ಯಾಟಿಕ್ ವಾಚು ಐದಾರು ಗಂಟೆ ನಡೆದು ನಿಲ್ಲುತ್ತದೆ. ಕೈ ಅಲುಗಿಸಿದರೆ ಒಳಗೆ ಕರಕರ ಸದ್ದು ಕೇಳಿಸುತ್ತದೆ. ಪೇಟೆಯ ಅಂಗಡಿಯವರೊಬ್ಬರು ಇದರ ಸಾಮಾನು ಈಗ ಸಿಗುವುದಿಲ್ಲ, ಮೆಷಿನನ್ನೇ ಬದಲಾಯಿಸೋಣ ಎನ್ನುತ್ತಾರೆ. ಕಂಪನಿಗೆ ಕೊಟ್ಟರೆ ಡಯಲು, ಮುಳ್ಳು ಎಲ್ಲವನ್ನೂ ಹೊಸದಾಗಿ ಹಾಕಿಬಿಡುತ್ತಾರೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೆಷಿನ್ ಬದಲಾಯಿಸಲು ಖಂಡಿತ ಒಪ್ಪಬೇಡಿ. ನೀವು ಬರೆದಿರುವ ಎರಡು ತೊಂದರೆಗಳೂ ಸಾಮಾನ್ಯವಾಗಿ ರಿಪೇರಿಯಾಗತಕ್ಕವು. ಸಾಮಾನು ಸಿಗುವುದಿಲ್ಲ ಎಂಬ ಮಾತು ಬರುವುದು ಬಹಳ ಸಲ ಕೇಳುವ ರೀತಿಯಿಂದ. ಸೀಮಾಸ್ಟರ್ ಎಂಬ ಹೆಸರು 1948ರಿಂದ ಇಂದಿನವರೆಗೂ ನಡೆದು ಬಂದಿದ್ದು, ಆ ಒಂದೇ ಹೆಸರಿನ ಡಯಲಿನ ಕೆಳಗೆ ಹತ್ತಾರು ಬಗೆಯ ಮೆಷಿನುಗಳು ಕುಳಿತಿವೆ. ಆದ್ದರಿಂದ ‘ಸೀಮಾಸ್ಟರಿಗೆ ಸ್ಪ್ರಿಂಗ್ ಇದೆಯೇ’ ಎಂದು ಕೇಳಿದರೆ ಯಾರೂ ಇದೆ ಎನ್ನಲಾರರು. ಬಿಡಿಭಾಗವನ್ನು ಹುಡುಕಬೇಕಾದದ್ದು ಡಯಲಿನ ಮೇಲಿನ ಹೆಸರಿನಿಂದಲ್ಲ, ಒಳಗಿನ ಮೆಷಿನಿನ ಕ್ಯಾಲಿಬರ್ ಸಂಖ್ಯೆಯಿಂದ, ಅಂದರೆ ಮೆಷಿನಿನ ಮಾದರಿ ಸಂಖ್ಯೆಯಿಂದ.

ಹಿಂಬದಿಯ ಮುಚ್ಚಳವನ್ನು ತೆಗೆಸಿ ಮೊಬೈಲಿನಲ್ಲಿ ಎರಡು ಚಿತ್ರ ತೆಗೆದುಕೊಳ್ಳಿ. ಮುಚ್ಚಳದ ಒಳಮೈಯಲ್ಲಿ ಕೆತ್ತಿರುವುದು ಕೇಸಿನ (ವಾಚಿನ ಹೊರಕವಚದ) ಸಂಖ್ಯೆ. ತಾಮ್ರದ ಕೆಂಪು ಛಾಯೆಯ ಮೆಷಿನಿನ ಮೇಲಿರುವ ಉದ್ದನೆಯ ಅಂಕಿ ಸರಣಿ ಸಂಖ್ಯೆ, ಮೂರಂಕಿಯದು ಕ್ಯಾಲಿಬರ್. ಮುಚ್ಚಳಕ್ಕೆ ಕೈಹಾಕುವ ಮೊದಲು ಒಂದು ಎಚ್ಚರಿಕೆ: ಸೀಮಾಸ್ಟರ್ ಕಾಸ್ಮಿಕ್ ಎಂದು ಡಯಲಿನಲ್ಲಿ ಬರೆದಿರುವ ಹಳೆಯ ವಾಚುಗಳಲ್ಲಿ ಕೇಸು ಒಂದೇ ತುಂಡಿನದಾಗಿರುತ್ತದೆ, ಮೆಷಿನು ಮುಂದಿನಿಂದ, ಗಾಜು ತೆಗೆದ ಮೇಲೆ ಹೊರಬರುತ್ತದೆ. ಇದು ತಿಳಿಯದೆ ಹಿಂಬದಿಗೆ ಚಾಕು ತೂರಿಸಿ ಮೀಟಿದ ಗಾಯಗಳುಳ್ಳ ವಾಚುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಕೀಯನ್ನು ಪೂರ್ತಿ ಹೊರಕ್ಕೆ ಎಳೆದಾಗಲೆಲ್ಲ ತಾರೀಕು ಒಂದು ದಿನ ಮುಂದಕ್ಕೆ ಹಾರುವುದಾದರೆ, ನಿಮ್ಮ ವಾಚಿನ ಕಾಲವನ್ನು ನೋಡಿದರೆ, ಒಳಗಿರುವುದು ಬಹುಶಃ 565 ಅಥವಾ ಅದರ ಬಳಗದ ಮೆಷಿನು. 565 ಎಂದರೆ 24 ಕಲ್ಲುಗಳ (ಗಾಲಿಗಳ ಅಚ್ಚು ಸವೆಯದಂತೆ ಕೂರಿಸಿದ ಹರಳುಗಳ), ಗಂಟೆಗೆ 19,800 ಬಡಿತದ, ಇಂದಿಗೂ ರಿಪೇರಿಯವರು ಗೌರವದಿಂದ ಬಿಚ್ಚುವ ಮೆಷಿನು. ಇದರಲ್ಲಿ ಕರಕರ ಸದ್ದಿಗೆ ಸಾಮಾನ್ಯ ಕಾರಣ ಕೈ ಅಲುಗಿದಂತೆ ತಿರುಗಿ ಸ್ಪ್ರಿಂಗು ಸುತ್ತುವ ರೋಟರಿನ ಅಚ್ಚು ಸವೆದಿರುವುದು. ರೋಟರು ಓಲಾಡಿ ಮುಚ್ಚಳಕ್ಕೆ ತಾಗಿದ್ದರೆ ಮುಚ್ಚಳದ ಒಳಮೈಯಲ್ಲಿ ಬಳೆಯಾಕಾರದ ಹೊಳೆಯುವ ಗೀರು ಕಾಣುತ್ತದೆ. ಅದು ಕಂಡರೆ ಬದಲಾಯಿಸಬೇಕಾದದ್ದು ಅಚ್ಚು ಮತ್ತು ಅದು ಕೂರುವ ಬೇರಿಂಗು, ಇಡೀ ಮೆಷಿನಲ್ಲ.

ಬೇಗ ನಿಲ್ಲುವುದರ ಕಾರಣ ಹೆಚ್ಚಾಗಿ ವಾಚನ್ನು ನಡೆಸುವ ಮುಖ್ಯ ಸ್ಪ್ರಿಂಗಾದ ಮೈನ್‌ಸ್ಪ್ರಿಂಗಿನಲ್ಲಿರುತ್ತದೆ. ಆಟೊಮ್ಯಾಟಿಕ್ ವಾಚಿನ ಸ್ಪ್ರಿಂಗು ಕೀ ಕೊಡುವ ವಾಚಿನ ಸ್ಪ್ರಿಂಗಿನಂತೆ ಕೊಕ್ಕೆಯಿಂದ ಬಿಗಿಯಾಗಿ ಸಿಕ್ಕಿಕೊಂಡಿರುವುದಿಲ್ಲ; ಪೂರ್ತಿ ಸುತ್ತಿದ ಮೇಲೆ ಅದರ ತುದಿ ತಾನು ಕುಳಿತಿರುವ ಡಬ್ಬಿಯ ಗೋಡೆಗೆ ಉಜ್ಜಿಕೊಂಡು ಜಾರಬೇಕು, ಇಲ್ಲವಾದರೆ ರೋಟರು ಸುತ್ತಿ ಸುತ್ತಿ ಸ್ಪ್ರಿಂಗನ್ನೇ ಮುರಿದೀತು. ಆ ಗೋಡೆಗೆ ಹಚ್ಚಲು ಪ್ರತ್ಯೇಕವಾದ, ಹಿಡಿತವುಳ್ಳ ಗ್ರೀಸಿದೆ. ಅದರ ಬದಲು ಸಾಧಾರಣ ಎಣ್ಣೆ ಸವರಿದರೆ ಸ್ಪ್ರಿಂಗು ಅರ್ಧ ಸುತ್ತುವಷ್ಟರಲ್ಲೇ ಜಾರಿ, ಸುಮಾರು ಎರಡು ದಿನ ನಡೆಯಬೇಕಾದ ವಾಚು ಕೆಲವೇ ಗಂಟೆಗಳಲ್ಲಿ ನಿಲ್ಲುತ್ತದೆ. ಯಾವ ಗ್ರೀಸು ಹಾಕುತ್ತೀರಿ ಎಂದು ಕೇಳಲು ಸಂಕೋಚಪಡಬೇಡಿ. ಕೆಲಸ ಬಲ್ಲವರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.

ಇನ್ನು ಸಾಮಾನು ಎಲ್ಲಿ ಎಂಬುದು. ಒಮೆಗಾ, ಲಾಂಜಿನ್, ರಾಡೋ, ಟಿಸ್ಸೋ ಎಲ್ಲವನ್ನೂ ಹೊಂದಿರುವ ಸ್ವಾಚ್ ಸಮೂಹವು 2015ರ ಕೊನೆಯ ಬಳಿಕ ಯುರೋಪಿನ ಸ್ವತಂತ್ರ ಸಗಟು ವ್ಯಾಪಾರಿಗಳಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸಿದ್ದರಿಂದ, ಅಧಿಕೃತ ಕೇಂದ್ರಗಳ ಹೊರಗೆ ದುಡಿಯುವವರಿಗೆ ಕಷ್ಟವಾಗಿದೆ. ಆದರೂ ದಾರಿಗಳು ಉಳಿದಿವೆ. ಮೈನ್‌ಸ್ಪ್ರಿಂಗನ್ನು ಅಗಲ, ದಪ್ಪ, ಉದ್ದದ ಅಳತೆಗೆ ಸರಿಯಾಗಿ ಬೇರೆ ತಯಾರಕರು ಮಾಡುತ್ತಾರೆ, ಅತ್ತಿತ್ತ ತೂಗಿ ವಾಚಿನ ನಡಿಗೆಯನ್ನು ಹಿಡಿದಿಡುವ ಬ್ಯಾಲೆನ್ಸ್ ಗಾಲಿಯ ಅಚ್ಚು, ಅಂದರೆ ಬ್ಯಾಲೆನ್ಸ್ ಸ್ಟಾಫೂ ಹಾಗೆಯೇ. ಉಳಿದವಕ್ಕೆ ಅದೇ ಬಳಗದ ಇನ್ನೊಂದು ಹಾಳಾದ ವಾಚೇ ಗತಿ: 550ರಿಂದ 565ರವರೆಗಿನ ಮೆಷಿನುಗಳ ಎಷ್ಟೋ ಭಾಗಗಳು ಒಂದಕ್ಕೊಂದು ಕೂರುವುದರಿಂದ, ತಾರೀಕಿಲ್ಲದ 552ರ ಗಾಲಿ ನಿಮ್ಮದಕ್ಕೆ ಬಂದೀತು, ತಾರೀಕಿನ ಭಾಗ ಮಾತ್ರ ಬಾರದು. ಹೀಗೆ ಬಿಡಿಭಾಗಕ್ಕೆಂದು ವಾಚು ಕೊಳ್ಳುವಾಗ ಮೆಷಿನಿನ ಚಿತ್ರ ಕಾಣದೆ ಹಣ ಕಳಿಸಬೇಡಿ. ಹೊಸದಾಗಿ ಬಣ್ಣ ಬಳಿದ ಡಯಲು, ಎಲ್ಲಿಂದಲೋ ಜೋಡಿಸಿದ ಮೆಷಿನು ಸೇರಿಸಿ ಮಾರುವ ವಾಚುಗಳಿಗೆ ಸಂಗ್ರಾಹಕರಲ್ಲಿ ‘ಮುಂಬೈ ಸ್ಪೆಷಲ್’ ಎಂಬ ಹೆಸರೇ ಬಿದ್ದಿದೆ.

ಕಂಪನಿಯ ಸರ್ವಿಸ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ದುಬಾರಿ, ನಿಧಾನ, ಆದರೆ ಅಸಲಿ ಬಿಡಿಭಾಗ ಸಿಗುವುದು ಅಲ್ಲಿಯೇ. ಕೊಡುವಾಗ ಮಾತ್ರ ‘ಡಯಲು, ಮುಳ್ಳು ಬದಲಾಯಿಸಬಾರದು, ಕೇಸಿಗೆ ಪಾಲಿಶ್ ಹಿಡಿಸಬಾರದು, ತೆಗೆದ ಪ್ರತಿಯೊಂದು ಹಳೆಯ ಭಾಗವನ್ನೂ ಮರಳಿಸಬೇಕು’ ಎಂದು ರಸೀದಿಯಲ್ಲೇ ಬರೆಯಿಸಿಕೊಳ್ಳಿ. ಮಂಗಳೂರಿನಲ್ಲಾದರೆ ಕನ್ನಡದಲ್ಲಿ, ಕೋಯಿಕ್ಕೋಡಿನಲ್ಲಾದರೆ ಮಲಯಾಳದಲ್ಲಿ, ಬಾಯಿಮಾತಿಗೆ ಬಿಡಬೇಡಿ. ಮಾಸಿದ ಮೂಲ ಡಯಲು ಹೊಚ್ಚಹೊಸ ಡಯಲಿಗಿಂತ ಬೆಲೆಯುಳ್ಳದ್ದು. ಕೆಲಸ ಮುಗಿದ ಮೇಲೆ ವಾಚಿನ ನಡಿಗೆಯನ್ನು ಅಳೆಯುವ ಟೈಮ್‌ಗ್ರಾಫರ್ ಯಂತ್ರದ ಮೇಲಿಟ್ಟು ತೋರಿಸುವಂತೆ ಕೇಳಿ: ಪೂರ್ತಿ ಸುತ್ತಿದ ವಾಚನ್ನು ಡಯಲು ಮೇಲಾಗಿ ಮಲಗಿಸಿದಾಗ ಬ್ಯಾಲೆನ್ಸ್ ಗಾಲಿಯ ತೂಗಾಟ 270 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಮಾಧಾನ, 200ಕ್ಕೆ ಇಳಿದಿದ್ದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ.

ಪ್ರಶ್ನೆ (ಮಂಜೇಶ್ವರದ ಓದುಗರು): ಮಾವನವರ ರಾಡೋ ಡಯಾಸ್ಟಾರ್ ಕೈಜಾರಿ ಗ್ರಾನೈಟ್ ನೆಲಕ್ಕೆ ಬಿದ್ದು, ಕೇಸಿನ ಅಂಚಿನ ಒಂದು ಚೂರು ಎದ್ದುಹೋಗಿದೆ. ಗೀರೇ ಬೀಳದ ವಾಚು ಹೀಗೆ ಒಡೆಯುವುದುಂಟೇ? ಇದು ನಕಲಿಯೇ?

ಉತ್ತರ: ಒಡೆದ ಮಾತ್ರಕ್ಕೆ ನಕಲಿಯಲ್ಲ. 1962ರಲ್ಲಿ ಬಂದ ಡಯಾಸ್ಟಾರಿನ ಕೇಸು ಟಂಗ್‌ಸ್ಟನ್ ಕಾರ್ಬೈಡ್ ಸೇರಿದ ಗಡಸು ಲೋಹದ್ದು. ಗಡಸಾದ ವಸ್ತುವಿಗೆ ಗೀರು ಬೀಳುವುದಿಲ್ಲ, ಆದರೆ ಅದು ಬಾಗುವುದೂ ಇಲ್ಲ; ಪೆಟ್ಟು ಬಿದ್ದರೆ ಚೂರಾಗಿ ಏಳುತ್ತದೆ. ಸ್ಟೀಲ್ ಕೇಸಿನಂತೆ ಇದನ್ನು ಅರದಿಂದ ತೀಡಿ ಸರಿಪಡಿಸಲಾಗದು. ಗಾಜಿಗೆ ಏಟಾಗಿಲ್ಲವಾದರೆ ಚೂರೆದ್ದ ಅಂಚನ್ನು ಹಾಗೆಯೇ ಬಿಡುವುದು ನಮ್ಮ ಸಲಹೆ. ಗಾಜೂ ಒಡೆದಿದ್ದರೆ, ಅದು ಕೇಸಿನ ಆಕಾರಕ್ಕೇ ಕತ್ತರಿಸಿದ ನೀಲಮಣಿ ಗಾಜಾದ್ದರಿಂದ, ಅಂದಾಜಿಗೆ ಕೊರೆದು ಅಂಟಿಸುವವರ ಬಳಿ ಹೋಗಬೇಡಿ. ಅಂಟು ಬಿಟ್ಟ ಸಂದಿನಿಂದ ಮೊದಲ ಮಳೆಗಾಲಕ್ಕೇ ತೇವ ಒಳಗಿಳಿಯುತ್ತದೆ.

ಡಯಲಿನ ಮೇಲೆ ತೂಗಾಡುವ ಪುಟ್ಟ ಲಂಗರನ್ನು ಗಮನಿಸಿ. ವಾಚನ್ನು ಓರೆಯಾಗಿಸಿದಾಗ ಅದು ಸರಾಗವಾಗಿ ತಿರುಗಬೇಕು. ತಿರುಗದೆ ನಿಂತರೆ ಒಳಗಿನ ಎಣ್ಣೆಯೂ ಒಣಗಿರಬಹುದು, ಸರ್ವಿಸಿಗೆ ಕೊಡುವ ಹೊತ್ತಾಯಿತು. ಆ ಕಾಲದ ಅನೇಕ ಡಯಾಸ್ಟಾರುಗಳ ಒಳಗಿರುವುದು ಸ್ವಿಸ್ ಮೆಷಿನ್ ತಯಾರಕರಾದ ಈಟಿಎಯ 2789 ಮೆಷಿನು. ಅದೇ ಮೆಷಿನು ಬೇರೆ ಹೆಸರಿನ ಅಗ್ಗದ ವಾಚುಗಳಲ್ಲೂ ಇರುವುದರಿಂದ, ಗಾಲಿ ಸ್ಪ್ರಿಂಗುಗಳಿಗಾಗಿ ರಾಡೋವನ್ನೇ ಅರಸುತ್ತ ಅಲೆಯಬೇಕಾಗಿಲ್ಲ.

ಪ್ರಶ್ನೆ (ಹೊಸೂರಿನ ಓದುಗರು): ಅಜ್ಜನವರ 1950ರ ದಶಕದ ವಾಚಿನ ಅಂಕಿಗಳು ಕಂದುಬಣ್ಣಕ್ಕೆ ತಿರುಗಿವೆ, ಕತ್ತಲಲ್ಲಿ ಹೊಳೆಯುವುದಿಲ್ಲ. ಕೆರೆದು ಹೊಸ ರೇಡಿಯಂ ಹಾಕಿಸಬಹುದೇ?

ಉತ್ತರ: ಕೆರೆಯಲೇಬೇಡಿ. ಆ ಕಾಲದ ಬಣ್ಣದಲ್ಲಿ ವಿಕಿರಣ ಸೂಸುವ ನಿಜವಾದ ರೇಡಿಯಂ ಇರುವ ಸಂಭವ ಹೆಚ್ಚು. ಬೆಳಕು ನಂದಿರುವುದು ರೇಡಿಯಂ ಮುಗಿದುದರಿಂದಲ್ಲ, ಅದರೊಂದಿಗೆ ಬೆರೆಸಿದ ಹೊಳೆಯುವ ಪುಡಿ ಸವೆದುದರಿಂದ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಮುಚ್ಚಿದ ವಾಚು ಪೆಟ್ಟಿಗೆಯಲ್ಲಿದ್ದರೆ ಹೆದರುವಷ್ಟಿಲ್ಲ. ಕೆರೆದ ಧೂಳು ಉಸಿರಿನೊಡನೆ ಒಳಹೋಗುವುದೇ ಅಪಾಯ. ಸರ್ವಿಸಿಗೆ ಕೊಡುವಾಗ ರಿಪೇರಿಯವರಿಗೆ ಇದನ್ನು ಮೊದಲೇ ತಿಳಿಸುವುದು ನಿಮ್ಮ ಹೊಣೆ. ಡಯಲಿನ ಕೆಳತುದಿಯಲ್ಲಿ ‘ಟಿ’ ಅಕ್ಷರವಿರುವ ನಂತರದ ವಾಚುಗಳದ್ದು ಟ್ರಿಟಿಯಂ ಎಂಬ ಇನ್ನೊಂದು ವಿಕಿರಣ ವಸ್ತು. ಅದು ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಇಷ್ಟರಲ್ಲಿ ಬಹುಪಾಲು ತೀರಿಹೋಗಿರುತ್ತದೆ.

ಪ್ರಶ್ನೆ (ಪೆರ್ಲದ ಅಡಿಕೆ ಕೃಷಿಕರು): ಹಳೆಯ ವಾಚಿನ ಹಿಂಬದಿಯಲ್ಲಿ ವಾಟರ್‌ಪ್ರೂಫ್ ಎಂದೇ ಇದೆ. ತೋಟಕ್ಕೆ ಕಟ್ಟಿಕೊಂಡು ಹೋಗಬಹುದೇ? ಮಳೆಗಾಲದಲ್ಲಿ ಗಾಜಿನೊಳಗೆ ಮಂಜು ಕಟ್ಟುತ್ತದೆ.

ಉತ್ತರ: ಆ ಬರಹ ವಾಚು ಹೊಸತಾಗಿದ್ದಾಗಿನ ಮಾತು. ಮುಚ್ಚಳದ ರಬ್ಬರು ಗಟ್ಟಿಯಾಗಿ, ಕೀಯ ಒಳಗಿನದು ಸವೆದು ಹೋಗಿರುತ್ತದೆ. ಮಂಜು ಕಟ್ಟುವುದೇ ಅದಕ್ಕೆ ಸಾಕ್ಷಿ. ಅಡಿಕೆಗೆ ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಬಿಡುವ ದಿನವಂತೂ ಮನೆಯಲ್ಲಿಯೇ ಇರಲಿ. ಮಂಜು ಕಂಡರೆ ಅಕ್ಕಿ ಡಬ್ಬಕ್ಕೆ ಹಾಕುವುದು, ಬಿಸಿಲಿಗಿಡುವುದು ಬೇಡ. ತುಕ್ಕು ಮೊದಲು ಹಿಡಿಯುವುದು ಕೀಯ ಕಡ್ಡಿಗೆ ಮತ್ತು ಅದರ ಸುತ್ತಲಿನ ಸಣ್ಣ ಸ್ಟೀಲ್ ಭಾಗಗಳಿಗೆ, ಅವು ಹಾಳಾದರೆ ಬದಲಿ ಹುಡುಕುವುದೇ ಕಷ್ಟ. ಒಂದೆರಡು ದಿನದೊಳಗೆ ಬಿಚ್ಚಿಸಿ ಒಣಗಿಸಿ, ಮುಚ್ಚಳ, ಕೀ ಎರಡರ ರಬ್ಬರನ್ನೂ ಬದಲಾಯಿಸಿ, ಒತ್ತಡ ಪರೀಕ್ಷೆ ಮಾಡಿಸಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬಹುದು. ಪೊಟ್ಟಣವನ್ನು ಆಗಾಗ ಬದಲಾಯಿಸುತ್ತಿರಬೇಕು.