ಎಲ್ಲೆಡೆ ಇರುವ ದೇವರು ಹತ್ತಿರ ಬರುವುದೆಂದರೆ?

ದೇವರು ಎಲ್ಲೆಡೆ ಇದ್ದಾನೆ ಅಂದಮೇಲೆ ಕ್ರಿಸ್‌ಮಸ್‌ನಲ್ಲಿ ‘ಹತ್ತಿರ ಬಂದ’ ಅನ್ನುವುದೇಕೆ ಎಂದು ಕೇಳಿದ್ದೀರಿ. ಕ್ರೈಸ್ತರೂ ದೇವರು ಸರ್ವವ್ಯಾಪಿ ಎಂದೇ ನಂಬುತ್ತಾರೆ. ಇಲ್ಲಿ ಮಾತು ದೂರದ್ದಲ್ಲ, ಪಾಡಿನದು. ಹಸಿವು, ನಿದ್ದೆ, ಅಳು, ಕೊನೆಗೆ ಸಾವು, ಇವನ್ನೆಲ್ಲ ದೇವರು ಯೇಸುವಾಗಿ ಹುಟ್ಟಿ ನಮ್ಮಂತೆಯೇ ಮೈಯಲ್ಲಿ ಅನುಭವಿಸಿದ ಎಂಬುದು ಅವರ ನಂಬಿಕೆ. ಮನುಷ್ಯನ ವೇಷ ಹಾಕಿ ಬಂದದ್ದಲ್ಲ. ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಕ್ರಿ.ಶ. 451ರಲ್ಲಿ ಕಾಲ್ಸೆಡಾನ್ ಎಂಬ ಊರಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಖಚಿತವಾಗಿಯೇ ಹೇಳಿತು.

ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಲೂಕನ ಸುವಾರ್ತೆಯನ್ನೊಮ್ಮೆ ಓದಿ ನೋಡಿ. ಮಗು ಮಲಗಿದ್ದು ಗೋದಲಿಯಲ್ಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ; ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಕುರಿ ಕಾಯುತ್ತಿದ್ದವರಿಗೆ. ಅರಮನೆಯಲ್ಲಿ ಹುಟ್ಟಿದ್ದರೆ ಅವರನ್ನು ಬಾಗಿಲೊಳಗೆ ಯಾರು ಬಿಡುತ್ತಿದ್ದರು?