ನಮ್ಮ ಚರ್ಚ್ ಸಭೆಯಲ್ಲಿ ಜಗಳದಲ್ಲಿರುವ ಎರಡೂ ಜನಾಂಗದವರಿದ್ದಾರೆ. ಅವರ ಊರಲ್ಲಿ ಗಲಭೆಯಾದಾಗ ಚರ್ಚ್ ಏನು ಮಾಡಬೇಕು?

ಶಾಂತಿ ಪ್ರಾರ್ಥನೆ ಇಡಬೇಕೋ, ಖಂಡನಾ ಹೇಳಿಕೆ ಕೊಡಬೇಕೋ, ರಾಜಕೀಯ ಬೇಡ ಅಂತ ಸುಮ್ಮನಿರಬೇಕೋ ಅಂತ ಕೇಳಿದ್ದೀರಿ. ಇದೇ ಮೂರನ್ನು ಇಟ್ಟುಕೊಂಡು ನಮ್ಮ ಕಮಿಟಿಯಲ್ಲೂ ತಡರಾತ್ರಿವರೆಗೆ ಜಗಳ ಆಗಿತ್ತು. ಗಮನಿಸಿ, ಮೂರರಲ್ಲೂ ಮಾತಾಡುವುದು ಅಥವಾ ಬಾಯಿ ಮುಚ್ಚಿಕೊಳ್ಳುವುದು ಚರ್ಚೇ. ಪೆಟ್ಟು ತಿಂದವರನ್ನು ಯಾರೂ ಏನೂ ಕೇಳಿಲ್ಲ. ಆದ್ದರಿಂದ ಸದ್ಯಕ್ಕೆ ಮೂರೂ ಬೇಡ ಅನ್ನುತ್ತೇನೆ.

ನಮ್ಮದು ಬೆಂಗಳೂರಿನ ಹಳೇ ಕನ್ನಡ ಸಭೆ. ಬೆಳಿಗ್ಗೆ ಕನ್ನಡ ಆರಾಧನೆ. ಸಂಜೆ ಅದೇ ಕಟ್ಟಡದಲ್ಲಿ ಈಶಾನ್ಯದ ಹುಡುಗ ಹುಡುಗಿಯರ ಆರಾಧನೆ. ನರ್ಸಿಂಗ್ ಓದುವವರು, ಹೋಟೆಲ್‌ನಲ್ಲಿ, ಪಾರ್ಲರ್‌ನಲ್ಲಿ ಕೆಲಸ ಮಾಡುವವರು. ಹೆಚ್ಚಿನವರು ಮಣಿಪುರದ ಗುಡ್ಡಗಳ ಬುಡಕಟ್ಟಿನ ಕುಕಿಗಳು, ಒಂದಷ್ಟು ನಾಗಾಗಳು, ಕೆಲವರು ಮೈತೇಯಿ ಕ್ರೈಸ್ತರು (ಮೈತೇಯಿಗಳು ಅಲ್ಲಿನ ಕಣಿವೆಯವರು, ಹೆಚ್ಚಿನವರು ಹಿಂದೂಗಳು). ಕೀ ಕೊಡುವುದು, ಕರೆಂಟ್ ಬಿಲ್ ಹಂಚಿಕೊಳ್ಳುವುದು ಬಿಟ್ಟರೆ ನಮಗೂ ಅವರಿಗೂ ಮಾತು ಕಮ್ಮಿ.

2023ರ ಮೇ 3ಕ್ಕೆ ಮಣಿಪುರದಲ್ಲಿ ಕುಕಿ, ಮೈತೇಯಿಗಳ ನಡುವೆ ಗಲಭೆ ಹೊತ್ತಿಕೊಂಡಿತು. ಮೈತೇಯಿಗಳು ಕೇಳುತ್ತಿದ್ದ ಪರಿಶಿಷ್ಟ ಪಂಗಡದ ಸ್ಥಾನಮಾನವನ್ನು ವಿರೋಧಿಸಿ ಗುಡ್ಡದ ಬುಡಕಟ್ಟು ವಿದ್ಯಾರ್ಥಿ ಸಂಘಟನೆ ಮೆರವಣಿಗೆ ಮಾಡಿದ ದಿನ ಅದು. ಅಲ್ಲಿಂದೀಚೆಗೆ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆ ಬಿಟ್ಟರು. ನಮ್ಮಲ್ಲಿ ಹಲವರು ಇದನ್ನು 'ಹಿಂದೂ-ಕ್ರೈಸ್ತ ಗಲಾಟೆ' ಅಂದುಕೊಂಡೇ ಕೂತಿದ್ದರು. ಆದರೆ ಅದು ಅಷ್ಟು ಸರಳ ಅಲ್ಲ. ಮೈತೇಯಿಗಳಲ್ಲೂ ಕ್ರೈಸ್ತರಿದ್ದಾರೆ, ಅವರ 249 ಚರ್ಚ್‌ಗಳು ಮೂವತ್ತಾರು ಗಂಟೆಯೊಳಗೆ ನಾಶವಾದವು ಅಂತ ಇಂಫಾಲದ ಆರ್ಚ್‌ಬಿಷಪ್ ಡೊಮಿನಿಕ್ ಲುಮೊನ್ ಆ ಜೂನ್‌ನಲ್ಲಿ ಬರೆದರು. ಇನ್ನೊಂದು ಕಡೆ ದೇವಸ್ಥಾನಗಳೂ ಸುಟ್ಟವು. ತೊಂಬತ್ತರ ದಶಕದಲ್ಲಿ ಕುಕಿಗಳೂ ನಾಗಾಗಳೂ ಒಬ್ಬರನ್ನೊಬ್ಬರು ಕೊಂದಾಗ ಎರಡೂ ಕಡೆ ಬಹುಪಾಲು ಕ್ರೈಸ್ತರೇ ಇದ್ದರು. 'ನಾವೆಲ್ಲ ಕ್ರಿಸ್ತನಲ್ಲಿ ಒಂದೇ' ಅನ್ನುವ ಮಾತಿಗೆ ಎಷ್ಟು ಬಲ ಇದೆ ಅಂತ ಅಲ್ಲಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಾವು ಮಾಡಿದ ಎಡವಟ್ಟು ಇದು. ಶಾಂತಿ ಪ್ರಾರ್ಥನೆ ಇಟ್ಟೆವು. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಕೊನೆಯಲ್ಲಿ ಒಬ್ಬ ಕುಕಿ ಹುಡುಗಿ, ಒಬ್ಬ ಮೈತೇಯಿ ಹುಡುಗ ವೇದಿಕೆಗೆ ಬಂದು ಒಂದೇ ಮೇಣದಬತ್ತಿ ಹಚ್ಚಲಿ ಅನ್ನುವ ಐಡಿಯಾ ಬಂತು. ಐಡಿಯಾ ನನ್ನದೇ. ಇಬ್ಬರೂ ಕ್ರೈಸ್ತರು, ಒಂದೇ ಕಾಲೇಜು, ಮೊದಲಿಂದ ಪರಿಚಯ ಇತ್ತು. ಕೇಳಿದಾಗ ಇಬ್ಬರೂ ಹೂಂ ಅಂದರು. ಇಲ್ಲೇ ನಾನು ಎಡವಿದ್ದು. ಅವರು ಕೂರುವ ಹಾಲ್‌ನ ಕೀ ಇದ್ದದ್ದು ನಮ್ಮ ಕೈಯಲ್ಲಿ. ಊರಲ್ಲಿ ಮನೆ ಸುಟ್ಟಿದೆ, ಇಲ್ಲಿ ಹಾಲ್ ಕೊಟ್ಟಿರುವ ಅಂಕಲ್ ಬಂದು ಕೇಳುತ್ತಿದ್ದಾರೆ. ಇಪ್ಪತ್ತರ ಹುಡುಗಿ ಬೇಡ ಅನ್ನುತ್ತಾಳಾ? ಆ ಹೂಂಗೆ ಒಪ್ಪಿಗೆ ಅಂತ ಹೆಸರಿಡಬಾರದಿತ್ತು. ನಮಗೋ ಆ ದೃಶ್ಯ ಬೇಕಾಗಿತ್ತು. ಅದನ್ನು ನೋಡಿದರೆ ನಮ್ಮ ಮನಸ್ಸು ಹಗುರ ಆಗುತ್ತಿತ್ತು, ಅವರದ್ದಲ್ಲ. ಬತ್ತಿ ಹಚ್ಚುವಾಗ ಹುಡುಗಿಯ ಕೈ ನಡುಗಿತು. ಎರಡು ಸಲ ಆರಿತು. ಹಿಂದಿನ ಬೆಂಚಿನವರು ಕಣ್ಣು ಒರೆಸಿಕೊಂಡರು. ಯುವಜನ ಸಂಘದವರು ಫೋಟೊ ತೆಗೆದು, ಮುಖ ಸ್ಪಷ್ಟವಾಗಿ ಕಾಣುವ ಹಾಗೆ, ಫೇಸ್‌ಬುಕ್‌ಗೆ ಹಾಕಿದರು.

ಮಣಿಪುರದಲ್ಲಿ ಇಂಟರ್ನೆಟ್ ಬಂದ್ ಇತ್ತು, ನಿಜ. ದೆಹಲಿ, ಶಿಲ್ಲಾಂಗ್‌ನಲ್ಲಿರುವ ನೆಂಟರ ವಾಟ್ಸಾಪ್ ಬಂದ್ ಆಗಿರಲಿಲ್ಲ. ಫೋಟೊ ಅಲ್ಲಿಗೆ ಹೋಯಿತು, ಅಲ್ಲಿಂದ ಫೋನ್‌ನಲ್ಲಿ, ಕುಕಿಗಳೇ ಹೆಚ್ಚಿರುವ ಚುರಾಚಾಂದ್‌ಪುರದ ಶಿಬಿರದಲ್ಲಿದ್ದ ಅವಳ ಅಪ್ಪ ಅಮ್ಮನ ಕಿವಿಗೆ ಬಿತ್ತು. ಹೆಣಗಳಿನ್ನೂ ಶವಾಗಾರದಲ್ಲಿವೆ, ನಿಮ್ಮ ಮಗಳು ಅವರ ಜೊತೆ ದೀಪ ಹಚ್ಚುತ್ತಿದ್ದಾಳೆ ಅಂತ ಪಕ್ಕದವರು ಕೇಳಿದರಂತೆ. ಹುಡುಗನನ್ನು ಇಲ್ಲೇ ಬೆಂಗಳೂರಲ್ಲಿ ಅವನ ರೂಮಿನವರೇ ದ್ರೋಹಿ ಅಂದರು. ಫೇಸ್‌ಬುಕ್‌ನಿಂದ ಫೋಟೊ ಅಳಿಸಿಸಿದೆವು, ಆದರೆ ಹರಡಿದ್ದನ್ನು ಹಿಡಿಯಲಿಕ್ಕೆ ಆಗುತ್ತದಾ? ಇಬ್ಬರೂ ಬರುವುದು ನಿಲ್ಲಿಸಿದರು. ಆಮೇಲೆ ಸಂಜೆಯ ಆರಾಧನೆಯೇ ಬೇರೆ ಕಡೆ ಬಾಡಿಗೆ ಹಾಲ್‌ಗೆ ಹೋಯಿತು. ಕೀ ಲಕೋಟೆಯಲ್ಲಿ ಹಾಕಿ ಕಳಿಸಿದ್ದರು.

ನನಗೆ ಬುದ್ಧಿ ಬಂದದ್ದು ಬೈಬಲ್‌ನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಿಂದ. ಮೊದಲ ಸಭೆಯಲ್ಲೇ ಗ್ರೀಕ್ ಮಾತಾಡುವವರು ಗೊಣಗಿದರು: ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಡುತ್ತಿದ್ದೀರಿ ಅಂತ. ಅಪೊಸ್ತಲರು ಐಕ್ಯ ಕೂಟ ಮಾಡಲಿಲ್ಲ. ಸಭೆಯವರೇ ಆರಿಸಿದ ಏಳು ಜನರಿಗೆ ಹಂಚುವ ಕೆಲಸವನ್ನೇ ಕೊಟ್ಟರು. ಸ್ತೆಫನ, ಫಿಲಿಪ್ಪ, ತಿಮೋನ… ಏಳೂ ಗ್ರೀಕ್ ಹೆಸರುಗಳೇ. ಅಂದರೆ ಬಹುಶಃ ದೂರು ಕೊಟ್ಟವರ ಕಡೆಯವರ ಕೈಗೇ ಊಟ ಹೋಯಿತು. ಎಷ್ಟು ಸಲ ಓದಿದ್ದೆ, ಹೆಸರುಗಳನ್ನು ಸುಮ್ನೆ ದಾಟಿಬಿಡುತ್ತಿದ್ದೆ.

ಆಮೇಲೆ ನಾವು ಒಂದು ನಿಧಿ ಮಾಡಿದೆವು. ಚೆಕ್‌ಗೆ ಸಹಿ ಹಾಕುವುದು ಆ ಈಶಾನ್ಯದ ಹುಡುಗ ಹುಡುಗಿಯರೇ. ಕುಕಿಗಳದ್ದು ಒಂದು ಪಾಲು, ಮೈತೇಯಿ ಕ್ರೈಸ್ತರದ್ದು ಒಂದು ಪಾಲು, ಲೆಕ್ಕ ಬೇರೆ ಬೇರೆ. 'ಒಟ್ಟಿಗೆ ಇಟ್ಟರೆ ಪ್ರೀತಿ ಬೆಳೆಯುತ್ತದೆ' ಅಂತ ನಮ್ಮ ಹಿರಿಯರೊಬ್ಬರು ಹಠ ಹಿಡಿದಿದ್ದರು. ಅವರ ಮಾತು ನಡೆಯಲಿಲ್ಲ, ಒಳ್ಳೆಯದೇ ಆಯಿತು. ಹಣ ಹೋದದ್ದು ಹಾಸ್ಟೆಲ್ ಫೀಸಿಗೆ, ಸುಟ್ಟುಹೋದ ಮಾರ್ಕ್ಸ್ ಕಾರ್ಡ್‌ನ ನಕಲಿಗೆ, ಪ್ರಯಾಣಕ್ಕೆ. ಕುಕಿ ಹುಡುಗರು ಮೈತೇಯಿಗಳೇ ಹೆಚ್ಚಿರುವ ಇಂಫಾಲದಲ್ಲಿ ಇಳಿಯುವ ಹಾಗಿರಲಿಲ್ಲ. ಮಿಜೋರಾಮಿನ ಐಜ್ವಾಲ್‌ವರೆಗೆ ವಿಮಾನ, ಅಲ್ಲಿಂದ ಗುಡ್ಡದ ರಸ್ತೆಯಲ್ಲಿ ಚುರಾಚಾಂದ್‌ಪುರ. ದುಡ್ಡು ಜಾಸ್ತಿ ಬೇಕು. ಇದೆಲ್ಲ ನಮಗೆ ಹೊಳೆಯುತ್ತಲೇ ಇರಲಿಲ್ಲ.

ಎರಡೂ ಕಡೆಯವರನ್ನು ಒಂದು ಮಾಡುವ ಕೆಲಸ ನಿಮ್ಮದಲ್ಲ, ಬಿಟ್ಟುಬಿಡಿ. ಬೇರೆ ಬೇರೆ ಕೋಣೆ ಕೊಡಿ, ತಮ್ಮ ತಮ್ಮ ಭಾಷೆಯಲ್ಲಿ ಅಳಲಿ. ಪಾದ್ರಿ ಅಯ್ಯನವರ ಪ್ರಸಂಗ ಬೇಡ. ನಿಮ್ಮ ಕೆಲಸ ನಿಮ್ಮ ಬೆಂಚುಗಳಲ್ಲೇ ಇದೆ. ನಮ್ಮ ಸಭೆಯಲ್ಲೇ ಆ ಮಕ್ಕಳನ್ನು 'ಚಿಂಕಿ' ಅನ್ನುವವರಿದ್ದರು. ಒಣಮೀನು ಹಾಕಿ ಅಡುಗೆ ಮಾಡಿದರು ಅಂತ ಮನೆ ಖಾಲಿ ಮಾಡಿಸಿದ ಮನೆ ಮಾಲೀಕರೂ ಇದ್ದರು, ಮಂಗಳೂರು ಕಡೆಯವರೇ! 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿಂದ ಗುವಾಹಟಿ ರೈಲು ಹತ್ತಿದರಲ್ಲ, ಆಗ ನಮ್ಮಲ್ಲಿ ಎಷ್ಟು ಜನ ಅವರ ರೂಮಿಗೆ ಹೋಗಿ 'ನಮ್ಮನೆಗೆ ಬನ್ನಿ' ಅಂದಿದ್ದೆವು? 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಚರ್ಚ್‌ಗಳ ಮೇಲೆ ದಾಳಿ ಆದಾಗ ಮಾತ್ರ ಬೀದಿಗೆ ಬರಲು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಖಂಡನಾ ಹೇಳಿಕೆ ಆಮೇಲೆ ಬೇಕಿದ್ದರೆ ಕೊಡಿ. ಕಳಿಸುವ ಮೊದಲು ಎರಡೂ ಕಡೆಯವರಿಗೆ ಓದಲು ಕೊಡಿ, ಅವರು ಹೊಡೆದುಹಾಕಿದ ಸಾಲನ್ನು ವಾಪಸ್ ಸೇರಿಸಬೇಡಿ. ಇನ್ನೊಂದು, ಡಿಸೆಂಬರ್‌ನಲ್ಲಿ ಹಾಸ್ಟೆಲ್ ಮುಚ್ಚಿದರೆ ಊರಿಗೆ ಹೋಗಲಾಗದವರು ಎಲ್ಲಿ ಉಳಿಯುತ್ತಾರೆ ಅಂತ ಅಕ್ಟೋಬರ್‌ನಲ್ಲೇ ಕೇಳಿ. ಕ್ರಿಸ್ಮಸ್ ವಾರದಲ್ಲಿ ಕೇಳಿದರೆ 'ಎಲ್ಲ ಹೊಂದಿಸಿಕೊಂಡಿದ್ದೇವೆ ಅಂಕಲ್' ಅನ್ನುತ್ತಾರೆ, ಹೊಂದಿಸಿಕೊಂಡಿರುವುದಿಲ್ಲ.